ಸಂಕ್ರಾಂತಿಯಿಂದ ಯುಗಾದಿಯವರೆಗೆ: ತಾರಸಿ ತೋಟಕ್ಕೆ ಹೊಸಬರಾದವರ ಕೆಲಸಗಳು

(ಬೆಂಗಳೂರಿನಲ್ಲಿ ಮೊದಲ ಸಲ ತಾರಸಿಯ ಮೇಲೆ ತರಕಾರಿ ಬೆಳೆಯಲು ಹೊರಟವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಕೇಳುಗರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ವಸಂತ ಬಂತು, ಬೀಜ ಹಾಕಿ ಎಂಬ ಸಲಹೆ ಈ ದಿನಗಳಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಅದು ಬಹುಮಟ್ಟಿಗೆ ಹಿಮ ಬೀಳುವ ನಾಡಿನ ಲೆಕ್ಕ. ಅಲ್ಲಿ ಹಿಮ ಕರಗಿದ ಮೇಲೆ ಐದಾರು ತಿಂಗಳು ಹಿತವಾದ ಬಿಸಿಲಿರುತ್ತದೆ. ನಮ್ಮಲ್ಲಿ ವಸಂತದ ಬೆನ್ನಿಗೇ ಬೇಸಿಗೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಸುಮಾರು 16 ಡಿಗ್ರಿ, ಹಗಲು 27-28. ಮಾರ್ಚ್‌ನಲ್ಲಿ ಹಗಲಿನ ಬಿಸಿಲು 33ಕ್ಕೆ ಏರುತ್ತದೆ, ಏಪ್ರಿಲ್‌ನಲ್ಲಿ 34-35 ಸಾಮಾನ್ಯ. ಇದು ನೆರಳಿನಲ್ಲಿ ಅಳೆದ ಲೆಕ್ಕ. ಕಾಂಕ್ರೀಟಿನ ತಾರಸಿ ಇದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಹದವಾದ ಮಳೆ ನಿರೀಕ್ಷಿಸಬಹುದಾದದ್ದು ಏಪ್ರಿಲ್ ಮಧ್ಯದ ಅಶ್ವಿನಿ, ಆಮೇಲಿನ ಭರಣಿ ಮಳೆಯ ಹೊತ್ತಿಗೆ.

ಹಾಗಾಗಿ ಇವತ್ತು ನಾವು ಹೇಳಬೇಕಾದ ಮುಖ್ಯ ಮಾತು ಒಂದೇ. ನಮಗೆ ವಸಂತ ಬಿತ್ತನೆಯ ಆರಂಭವಲ್ಲ, ಗಡುವು. ಮಾರ್ಚ್ ನಡುವಿನ ಬಿಸಿಲು ಬರುವಷ್ಟರಲ್ಲಿ ಗಿಡದ ಬೇರು ಕುಂಡದ ತಳ ಮುಟ್ಟಿರಬೇಕು. ಬೇರು ಇಳಿದ ಗಿಡ ಏಪ್ರಿಲನ್ನು ತಡೆಯುತ್ತದೆ. ಮಾರ್ಚ್ ಕೊನೆಯಲ್ಲಿ ನೆಟ್ಟ ಎಳೆಸಸಿಗೆ ಎಷ್ಟು ನೀರು ಹಾಕಿದರೂ ಮಧ್ಯಾಹ್ನ ಜೋಲುತ್ತದೆ, ಹದಿನೈದು ದಿನದಲ್ಲಿ ಒಣಗುತ್ತದೆ. ಸಂಕ್ರಾಂತಿಗೆ ಮಣ್ಣು, ರಥಸಪ್ತಮಿಗೆ ಬೀಜ, ಶಿವರಾತ್ರಿ ಕಳೆಯುವಷ್ಟರಲ್ಲಿ ನಾಟಿ ಮುಗಿದಿರಬೇಕು, ಯುಗಾದಿಗೆ ಮುಚ್ಚಿಗೆ (ಮಣ್ಣಿನ ಮೇಲೆ ಹರಡುವ ಒಣ ಎಲೆ) ಮತ್ತು ನೆರಳು. ಒಂದು ವಾರ ಆಚೀಚೆ ಆದರೆ ತೊಂದರೆಯಿಲ್ಲ. ತಿಂಗಳೇ ತಡವಾದರೆ ಈ ಸಲ ಸೊಪ್ಪು ಮಾತ್ರ ಬೆಳೆಯಿರಿ, ತರಕಾರಿಯನ್ನು ಮೇ ಕೊನೆಗೆ ಇಟ್ಟುಕೊಳ್ಳಿ.

ಕುಂಡ ಕೊಳ್ಳುವ ಮೊದಲು

ಮೊದಲು ನೀರಿನ ಲೆಕ್ಕ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಒಂದು ಗ್ರೋ ಬ್ಯಾಗಿಗೆ (ಗಿಡ ಬೆಳೆಸುವ ಚೀಲಕ್ಕೆ) ಫೆಬ್ರವರಿಯಲ್ಲಿ ದಿನಕ್ಕೆ ಸುಮಾರು ಒಂದು ಲೀಟರ್, ಏಪ್ರಿಲ್‌ನಲ್ಲಿ ಒಂದೂವರೆಯಿಂದ ಎರಡು ಲೀಟರ್ ಬೇಕು. ಇಪ್ಪತ್ತು ಬ್ಯಾಗ್ ಇದ್ದರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ದೊಡ್ಡ ಬಕೆಟ್. ಅದು ಎಲ್ಲಿಂದ ಬರುತ್ತದೆ ಎಂದು ಜನವರಿಯಲ್ಲೇ ಯೋಚಿಸಿ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ಅಂಥ ವರ್ಷ ಮತ್ತೆ ಬರಬಹುದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಬಕೆಟ್ ಆದರೂ ಸಿಗುತ್ತದೆ. ಉಪ್ಪು ಹಾಕಿ ತೊಳೆದದ್ದನ್ನು ಮಾತ್ರ ಬಿಡಿ. ಫಿಲ್ಟರ್‌ನಿಂದ ಹೊರಹೋಗುವ ನೀರಿನಲ್ಲಿ ಲವಣ ಜಾಸ್ತಿ. ಅದನ್ನು ಬೇರೆ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ, ವಾರದಲ್ಲಿ ಎರಡು ಮೂರು ದಿನ ಮಾತ್ರ ಹಾಕಿ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದರೆ ಲವಣ ಕೂಡುತ್ತಿದೆ ಎಂದರ್ಥ. ಬಟ್ಟೆ ಒಗೆದ ನೀರು ಸೊಪ್ಪಿಗೆ ಬೇಡವೇ ಬೇಡ.

ಎರಡನೆಯದು ಭಾರ. ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನಕ ಒಂದು ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಯ ಲೆಕ್ಕ ಹಿಡಿಯುತ್ತದೆ. ಮೇಲೆ ಹೇಳಿದ ಅಳತೆಯ ಬ್ಯಾಗಿನಲ್ಲಿ ಸುಮಾರು 22 ಲೀಟರ್ ಜಾಗವಿದೆ. ಮಿಶ್ರಣ ತುಂಬಿ ನೀರು ಹಾಕಿದರೆ 20ರಿಂದ 25 ಕಿಲೋ ತೂಗುತ್ತದೆ. ಒತ್ತಿ ಇಟ್ಟರೆ ಒಂದು ಚದರ ಮೀಟರಿನಲ್ಲಿ ಒಂಬತ್ತು ಹತ್ತು ಬ್ಯಾಗ್ ಹಿಡಿಯುತ್ತವೆ, ಹೊರೆ ಮಾತ್ರ ಮಿತಿ ದಾಟುತ್ತದೆ. ನಾಲ್ಕೈದಕ್ಕೆ ನಿಲ್ಲಿಸಿ. ಭಾರದ ಕುಂಡಗಳು ತಾರಸಿಯ ನಡುವೆ ಬೇಡ, ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲಿರಲಿ. ಪ್ರತಿಯೊಂದರ ಕೆಳಗೂ ಇಟ್ಟಿಗೆಯೋ ಸ್ಟ್ಯಾಂಡೋ ಇಟ್ಟು ಮೂರು ನಾಲ್ಕು ಇಂಚು ಎತ್ತರಿಸಿ. ನೀರು ಹರಿದು ಹೋಗುತ್ತದೆ, ತಾರಸಿಯ ಮೈ ಕಾಣುತ್ತದೆ, ಕಾದ ಕಾಂಕ್ರೀಟಿನ ಬಿಸಿ ಬೇರಿಗೆ ನೇರವಾಗಿ ತಗುಲುವುದಿಲ್ಲ.

ಮೂರನೆಯದು ಬಿಸಿಲು. ಕಾಯಿಪಲ್ಲೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು. ಬಾಲ್ಕನಿ ತೋಟದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ಬಾಲ್ಕನಿ ತುಂಬಾ ಬಿಸಿಲು. ಅದನ್ನು ನೋಡಿ ಬೆಂಡೆ ಹಾಕುತ್ತಾರೆ. ಏಪ್ರಿಲ್ ಕೊನೆಯ ವಾರಕ್ಕೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಆಗಸ್ಟ್ ನಡುವಿನವರೆಗೆ ಉತ್ತರಕ್ಕಿರುತ್ತಾನೆ. ಮೇಲಿನ ಮನೆಯ ಚಪ್ಪಡಿ ಅಡ್ಡಬಂದು ಅದೇ ದಕ್ಷಿಣದ ಬಾಲ್ಕನಿ ನೆರಳಾಗುತ್ತದೆ, ಬೆಂಡೆ ಹೂ ಬಿಡುವ ಹೊತ್ತಿಗೆ ಬಿಸಿಲೇ ಇರುವುದಿಲ್ಲ. ದಕ್ಷಿಣದವರು ಈಗ ಸೊಪ್ಪು ಹಾಕಲಿ. ಪೂರ್ವದ ಬಾಲ್ಕನಿಯವರಿಗೆ ವರ್ಷವಿಡೀ ಅನುಕೂಲ.

ಮಣ್ಣು

ಹೊಸಬರ ತೋಟ ಕೆಡುವುದು ಹೆಚ್ಚಾಗಿ ಮಣ್ಣಿನಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇವೆ. ಬರೀ ಕೆಂಪು ಮಣ್ಣು ಕುಂಡದಲ್ಲಿ ಎರಡು ತಿಂಗಳಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ನೀರು ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ, ನಡುವಿನ ಬೇರಿಗೆ ತಲುಪುವುದಿಲ್ಲ. ಬರೀ ಕೊಕೊಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಆಹಾರವಿಲ್ಲ. ಬರೀ ಗೊಬ್ಬರದಲ್ಲಿ ಗಿಡ ಎಲೆ ತುಂಬಿಕೊಂಡು ಮೆತ್ತಗಾಗುತ್ತದೆ, ಹುಳಕ್ಕೆ ಹಬ್ಬ. ಮೂರನ್ನೂ ಸಮ ಅಳತೆಯಲ್ಲಿ ಬೆರೆಸಿ. ಅಳತೆ ತೂಕದಿಂದಲ್ಲ, ಒಂದೇ ಬಕೆಟ್ಟಿನಿಂದ.

ಹತ್ತು ಬ್ಯಾಗಿಗೆ ಲೆಕ್ಕ ಹೀಗೆ. ಪ್ರತಿ ಬ್ಯಾಗಿನ ಮೇಲ್ಗಡೆ ಎರಡು ಇಂಚು ಖಾಲಿ ಬಿಟ್ಟರೆ 18 ಲೀಟರ್ ಮಿಶ್ರಣ ಬೇಕು, ಅಂದರೆ ಒಂದೊಂದೂ ಆರು ಲೀಟರ್. ಹತ್ತಕ್ಕೆ 60 ಲೀಟರ್ ಕೆಂಪು ಮಣ್ಣು (ಸುಮಾರು 75-80 ಕಿಲೋ), 60 ಲೀಟರ್ ಗೊಬ್ಬರ (ಎರೆಗೊಬ್ಬರವಾದರೆ 35-40 ಕಿಲೋ), 60 ಲೀಟರ್ ನೆನೆಸಿದ ಕೊಕೊಪೀಟ್. ಐದು ಕಿಲೋದ ಒಂದು ಕೊಕೊಪೀಟ್ ಇಟ್ಟಿಗೆ ನೀರು ಕುಡಿದರೆ 60-70 ಲೀಟರ್ ಆಗುತ್ತದೆ, ಒಂದೇ ಸಾಕು. ಅದನ್ನು ದೊಡ್ಡ ಟಬ್ಬಿನಲ್ಲಿ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲಿ ಮತ್ತೊಮ್ಮೆ ನೆನೆಸಿ ಹಿಂಡಿ. ಕರಾವಳಿಯ ತೆಂಗಿನ ನಾರಿನಲ್ಲಿ ಉಪ್ಪಿರುತ್ತದೆ. ತೊಳೆಯದೆ ಹಾಕಿದರೆ ಎಳೆಸಸಿಯ ಎಲೆಯಂಚು ಸುಟ್ಟಂತಾಗುತ್ತದೆ. ಪ್ರತಿ ಬ್ಯಾಗಿಗೆ 50ರಿಂದ 100 ಗ್ರಾಂ, ಅಂದರೆ ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಸಿಕ್ಕರೆ ಟ್ರೈಕೋಡರ್ಮಾ ಪುಡಿಯನ್ನು ಒಂದು ಕಿಲೋ ಗೊಬ್ಬರಕ್ಕೆ ಐದರಿಂದ ಹತ್ತು ಗ್ರಾಂನಂತೆ ಬೆರೆಸಿ. ಬೇರು ಕೊಳೆಸುವ ಶಿಲೀಂಧ್ರವನ್ನು ಅದು ಹತ್ತಿಕ್ಕುತ್ತದೆ.

ಮಿಶ್ರಣವಾದ ಕೂಡಲೇ ನೆಡಬೇಡಿ. ನೀರು ಚಿಮುಕಿಸಿ, ಗೋಣಿತಾಟು ಮುಚ್ಚಿ ಹತ್ತರಿಂದ ಹದಿನೈದು ದಿನ ನೆರಳಿನಲ್ಲಿಡಿ. ಹಿಂಡಿ ಕೊಳೆಯುವಾಗ ಶಾಖ ಬರುತ್ತದೆ, ಅಮೋನಿಯಾ ಬಿಡುತ್ತದೆ. ಆಗ ನೆಟ್ಟ ಸಸಿಯ ಬೇರು ಸುಡುತ್ತದೆ. ಮಣ್ಣಿನ ಕೆಲಸವನ್ನು ಸಂಕ್ರಾಂತಿಗೇ ಹಿಡಿಯಿರಿ ಎಂದದ್ದು ಈ ಹದಿನೈದು ದಿನಕ್ಕಾಗಿ. ಹದ ನೋಡುವುದು ಸುಲಭ: ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು. ಉಂಡೆ ಹಾಗೇ ನಿಂತರೆ ಮಣ್ಣು ಜಾಸ್ತಿ, ಕೊಕೊಪೀಟ್ ಸೇರಿಸಿ.

ಕೊಟ್ಟಿಗೆ ಗೊಬ್ಬರ ಕೊಳ್ಳುವಾಗ ಜಾಗ್ರತೆ. ಅರೆಕೊಳೆತ ಸಗಣಿಯಲ್ಲಿ ಇಂಗ್ಲಿಷಿನ ಸಿ ಅಕ್ಷರದಂತೆ ಸುರುಳಿ ಮಲಗಿದ ಬಿಳಿ ಗೊಣ್ಣೆಹುಳು ಬರಬಹುದು. ಕೆಲವು ಜಾತಿಯ ಗೊಣ್ಣೆಹುಳು ಬೇರನ್ನೇ ತಿನ್ನುತ್ತದೆ, ಗಿಡ ಇದ್ದಕ್ಕಿದ್ದಂತೆ ಬಾಡುತ್ತದೆ. ಗೊಬ್ಬರವನ್ನು ಹರಡಿ ಹುಳ ಆರಿಸಿ ತೆಗೆಯಿರಿ. ಮನೆಯ ಹಸಿಕಸದ ಕಾಂಪೋಸ್ಟ್ ಪಕ್ವವಾಗಿದೆಯೇ ಎಂದು ತಿಳಿಯಲು ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ನಾತ ಬಂದರೆ ಇನ್ನೂ ಆಗಿಲ್ಲ, ಮಣ್ಣಿನ ವಾಸನೆ ಬಂದರೆ ಆಗಿದೆ. ಅದರಲ್ಲಿ ಹತ್ತು ಕಾಳು ಮೆಂತ್ಯ ಹಾಕಿ ನೋಡುವುದೂ ಒಳ್ಳೆಯ ಪರೀಕ್ಷೆ, ನಾಲ್ಕು ದಿನದಲ್ಲಿ ಏಳೆಂಟಾದರೂ ಮೊಳೆಯಬೇಕು.

ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕುವ ರೂಢಿಯಿದೆ. ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಸಿಗುವ ಜಾಗ ಕಡಿಮೆಯಾಗಿ ಭಾರ ಹೆಚ್ಚುತ್ತದೆ ಅಷ್ಟೇ. ತೂತಿನ ಮೇಲೆ ಒಡೆದ ಹೆಂಚಿನ ಚೂರೊಂದು ಸಾಕು.

ಹಳೆಯ ಕುಂಡದ ಮಣ್ಣನ್ನು ಎಸೆಯಬೇಡಿ. ಸುರಿದು, ಬೇರು ಆರಿಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ ನಾಲ್ಕೈದು ದಿನ ಒಣಗಿಸಿ. ಆಮೇಲೆ ಮೂರು ಪಾಲಿಗೆ ಒಂದು ಪಾಲು ಹೊಸ ಗೊಬ್ಬರ, ಒಂದು ಹಿಡಿ ಹಿಂಡಿ. ಬೇರು ಆರಿಸುವಾಗ ಕಣ್ಣಿಟ್ಟು ನೋಡಿ: ಬೇರಿನ ಉದ್ದಕ್ಕೂ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಹುರುಳಿಕಾಯಿ, ಅಲಸಂದೆಯ ಬೇರಿನಲ್ಲಿ ಉಜ್ಜಿದರೆ ಉದುರುವ ಗುಲಾಬಿ ಗಂಟುಗಳು ಬೇರೆ, ಅವು ಒಳ್ಳೆಯವು. ಜಂತುಹುಳುವಿನ ಗಂಟು ಬೇರಿನೊಳಗೇ ಊದಿಕೊಂಡಿರುತ್ತದೆ, ಉದುರುವುದಿಲ್ಲ. ಆ ಮಣ್ಣಿಗೆ ಟೊಮೇಟೊ, ಬದನೆ, ಬೆಂಡೆ ಬೇಡ, ಒಂದು ಬೆಳೆ ಚೆಂಡುಹೂ ಹಾಕಿ. ರೋಗವಿಲ್ಲದಿದ್ದರೂ ಟೊಮೇಟೊ ತೆಗೆದ ಕುಂಡಕ್ಕೆ ಮತ್ತೆ ಟೊಮೇಟೊ, ಬದನೆ, ಮೆಣಸು ಬೇಡ. ಎಲ್ಲವೂ ಒಂದೇ ಕುಟುಂಬ, ರೋಗಗಳೂ ಬಹುಪಾಲು ಒಂದೇ.

ಏನು ಹಾಕಬೇಕು, ಏನು ಬೇಡ

ಈಗ ಬೇಡವಾದವನ್ನು ಮೊದಲು ಹೇಳಿಬಿಡೋಣ. ಹೂಕೋಸು, ಎಲೆಕೋಸು, ಗಜ್ಜರಿ, ಬಟಾಣಿ ಚಳಿಯ ಬೆಳೆಗಳು, ಫೆಬ್ರವರಿಯಲ್ಲಿ ಹಾಕಿದರೆ ಫಲವಿಲ್ಲ. ಗಣರಾಜ್ಯೋತ್ಸವದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದ ಉತ್ಸಾಹದಲ್ಲಿ ಪೆಟೂನಿಯ, ಡೇಲಿಯ ಕೊಂಡು ತರುವವರು ಬಹಳ. ಅವು ಅರಳಿದ ಸ್ಥಿತಿಯಲ್ಲಿ ಬರುತ್ತವೆ, ಹೆಚ್ಚೆಂದರೆ ಮಾರ್ಚ್‌ವರೆಗೆ ಚೆಂದ. ಸೊಗಡಿನ ನಾಟಿ ಅವರೆಯನ್ನೂ ಈಗ ಬಿತ್ತಬೇಡಿ. ಅದು ಹಗಲು ಕಿರಿದಾದಾಗ ಹೂ ಬಿಡುವ ಬಳ್ಳಿ. ಈಗ ಹಾಕಿದರೆ ತಾರಸಿಯೆಲ್ಲ ಹಬ್ಬುತ್ತದೆ, ಒಂದು ಕಾಯಿ ಕಾಣುವುದಿಲ್ಲ. ಅದರ ಕಾಲ ಜುಲೈ-ಆಗಸ್ಟ್. ಕೊತ್ತಂಬರಿಯನ್ನು ಜನವರಿಯೊಳಗೆ ಹಾಕಿ ಮುಗಿಸಿ, ಸೆಕೆ ಹೆಚ್ಚಿದರೆ ಎಲೆ ತುಂಬುವ ಮೊದಲೇ ಹೂವಿಗೆ ಹೋಗುತ್ತದೆ.

ಹಾಕಬೇಕಾದದ್ದು ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ಹಾಗಲ, ಸೌತೆ, ಪಡವಲ, ಬದನೆ, ಮೆಣಸಿನಕಾಯಿ. ಸೊಪ್ಪಿನಲ್ಲಿ ದಂಟು, ಹರಿವೆ, ಬಸಳೆ, ಮೆಂತ್ಯ. ಮೊದಲ ಸಲದವರು ಇಷ್ಟನ್ನೂ ಹಾಕಬಾರದು. ನಮ್ಮನ್ನು ಕೇಳಿದರೆ ಬೆಂಡೆ ಎಂಟು ಗಿಡ, ಮೆಣಸು ಮೂರು, ಬದನೆ ಎರಡು, ಒಂದು ಬಳ್ಳಿ, ಎರಡು ಅಡಿ ಉದ್ದದ ಎರಡು ಸೊಪ್ಪಿನ ತೊಟ್ಟಿ. ಬೆಂಡೆಗೆ ಎಂಟು ಗಿಡ ಬೇಕೇ ಬೇಕು. ಎರಡೇ ಗಿಡವಿದ್ದರೆ ದಿನಕ್ಕೆ ಒಂದೆರಡು ಕಾಯಿ ಸಿಗುತ್ತವೆ, ಪಲ್ಯಕ್ಕೆ ಸಾಲುವಷ್ಟು ಕೂಡಿಸುವುದರೊಳಗೆ ಮೊದಲು ಕಿತ್ತವು ಒಣಗಿರುತ್ತವೆ.

ಬೀಜದ ಪೊಟ್ಟಣದ ಮೇಲೆ ಪರೀಕ್ಷೆಯ ದಿನಾಂಕ ಮತ್ತು ಅವಧಿ ನೋಡಿ, ಸಾಮಾನ್ಯವಾಗಿ ಒಂಬತ್ತು ತಿಂಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ಈ ಹವೆಯಲ್ಲೇ ರೂಪುಗೊಂಡವು: ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್, ದಂಟಿನಲ್ಲಿ ಅರ್ಕಾ ಸುಗುಣ, ಟೊಮೇಟೊದಲ್ಲಿ ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯಲೆಂದು ಬೆಳೆಸಿದ ಅರ್ಕಾ ರಕ್ಷಕ್. ಇದು ಸಂಕರಣ ತಳಿ, ಅದರ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಗುಲಾಬಿಯೋ ಹಸಿರೋ ಬಣ್ಣ ಬಳಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಬಿತ್ತುವ ಕ್ರಮ. ಬೆಂಡೆಯನ್ನು ಎಂಟು ಹತ್ತು ಗಂಟೆ ನೆನೆಸಿ, ಒಂದು ಬ್ಯಾಗಿಗೆ ಮೂರು ಬೀಜ, ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ ನೇರವಾಗಿ ಬ್ಯಾಗಿನಲ್ಲೇ ಊರಿ. ಬೆಂಡೆಯ ತಾಯಿಬೇರು ಕಿತ್ತು ನೆಡುವುದನ್ನು ಸಹಿಸುವುದಿಲ್ಲ. ಐದಾರು ದಿನಕ್ಕೆ ಮೊಳೆಯುತ್ತದೆ. ಗಟ್ಟಿಯಾದ ಒಂದನ್ನು ಉಳಿಸಿ, ಉಳಿದವನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಪಕ್ಕದ ಬೇರು ಅಲುಗುವುದಿಲ್ಲ. ನಲವತ್ತೈದು ಐವತ್ತು ದಿನಕ್ಕೆ ಕಾಯಿ. ಹೂ ಬಿಟ್ಟ ಐದಾರು ದಿನಕ್ಕೆ ಕೊಯ್ಯಬೇಕು, ದಿನ ಬಿಟ್ಟು ದಿನ. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಹಾಗಲದ ಬೀಜಕ್ಕೆ ಗಟ್ಟಿ ಸಿಪ್ಪೆ. ಮೊನಚು ತುದಿಯನ್ನು ಉಗುರು ಕತ್ತರಿಯಿಂದ ಚೂರೇ ಚೂರು ಚಿವುಟಿ, ಇಡೀ ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಇಣುಕಿದ ಮೇಲೆ ಊರಿ. ಬಳ್ಳಿಗಳಿಗೆ ಹನ್ನೆರಡು ಇಂಚಿನ ಬ್ಯಾಗ್ ಸಾಲದು, ಹದಿನೈದು ಹದಿನೆಂಟು ಇಂಚಿನದು ಬೇಕು.

ದಂಟು, ಹರಿವೆಯ ಬೀಜ ಧೂಳಿನಷ್ಟು ಸಣ್ಣ. ಒಂದು ಚಮಚ ಬೀಜಕ್ಕೆ ನಾಲ್ಕೈದು ಚಮಚ ಒಣ ಮರಳು ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಗೊಬ್ಬರದ ಪುಡಿ. ಮರಳಿಲ್ಲವೆಂದು ರವೆ ಬೆರೆಸಬೇಡಿ, ಇರುವೆ ಸಾಲುಗಟ್ಟಿ ಬಂದು ರವೆಯ ಜೊತೆ ಬೀಜವನ್ನೂ ಹೊರುತ್ತದೆ. ತೊಟ್ಟಿಯ ಅಂಚಿಗೆ ಬೇವಿನ ಹಿಂಡಿ ಉದುರಿಸಿದರೆ ಇರುವೆಯ ಕಾಟ ಕಡಿಮೆ. ಎರಡು ತೊಟ್ಟಿಯನ್ನೂ ಒಂದೇ ದಿನ ಬಿತ್ತಬೇಡಿ, ಹದಿನೈದು ದಿನದ ಅಂತರವಿರಲಿ.

ಬದನೆ, ಮೆಣಸು, ಟೊಮೇಟೊ ಸಸಿ ಮಾಡಿ ನೆಡುವಂಥವು. ಟ್ರೇಯಲ್ಲಿ ಮೂರು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ, ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ. ಮೊದಲ ಮೊಳಕೆ ಕಂಡ ದಿನವೇ ಬೆಳಗಿನ ಬಿಸಿಲಿಗೆ ಇಡಿ. ಒಳಗೆ ಎರಡು ದಿನ ಉಳಿದರೂ ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದು ಬಾಗುತ್ತದೆ, ಆಮೇಲೆ ಸರಿಯಾಗುವುದಿಲ್ಲ. ಎಳೆಸಸಿಗಳು ಬುಡದಲ್ಲಿ ನೀರು ಹೀರಿದಂತಾಗಿ ಸಾಲುಸಾಲಾಗಿ ಮಲಗಿದರೆ ಅದು ಬುಡಕೊಳೆ. ಕಾರಣ ಹೆಚ್ಚು ನೀರು, ಗಾಳಿಯಿಲ್ಲದಿರುವುದು. ಸಂಜೆ ನೀರು ಬೇಡ, ಬೆಳಿಗ್ಗೆ ಒಮ್ಮೆ ಚಿಮುಕಿಸಿದರೆ ಸಾಕು. ಟೊಮೇಟೊ 25-30 ದಿನಕ್ಕೆ ನಾಟಿಗೆ ಬರುತ್ತದೆ, ಮೆಣಸಿಗೆ 40 ದಿನ. ಲೆಕ್ಕ ಹಾಕಿ ನೋಡಿ: ಫೆಬ್ರವರಿ ಮೊದಲ ವಾರ ಮೆಣಸಿನ ಬೀಜ ಹಾಕಿದರೆ ನಾಟಿ ಮಾರ್ಚ್ ಮಧ್ಯಕ್ಕೆ ಬೀಳುತ್ತದೆ. ಈಗ ಶುರು ಮಾಡುವ ಹೊಸಬರು ನರ್ಸರಿಯಿಂದ ಸಸಿ ತಂದುಬಿಡುವುದೇ ಮೇಲು. ಐದಾರು ಎಲೆಯ, ಕುಳ್ಳಗೆ ಗಟ್ಟಿಯಾಗಿರುವ ಸಸಿ ಆರಿಸಿ. ಎತ್ತರದ್ದು, ಆಗಲೇ ಹೂ ಬಿಟ್ಟದ್ದು ಬೇಡ. ಎಲೆ ತಿರುಗಿಸಿ ನೋಡಿ, ಅಲುಗಿಸಿದರೆ ಬಿಳಿ ನೊಣ ಹಾರಿದರೆ ಆ ಸಾಲಿನಿಂದಲೇ ಕೊಳ್ಳಬೇಡಿ.

ನಾಟಿ ಸಂಜೆ ನಾಲ್ಕೂವರೆಯ ಮೇಲೆ. ಒಂದು ಗಂಟೆ ಮುಂಚೆ ಟ್ರೇಗೆ ನೀರು ಹಾಕಿ, ಬುಡ ಹಿಡಿದು ಎಳೆಯದೆ ಕೆಳಗಿನಿಂದ ಒತ್ತಿ ತೆಗೆಯಿರಿ. ಟೊಮೇಟೊದ ಕಾಂಡ ಮಣ್ಣೊಳಗೆ ಬೇರು ಬಿಡುತ್ತದೆ, ಮೊದಲ ಎಲೆಗಳವರೆಗೆ ಹೂಳಬಹುದು. ಬದನೆ, ಮೆಣಸನ್ನು ಟ್ರೇಯಲ್ಲಿದ್ದ ಮಟ್ಟಕ್ಕೇ ನೆಡಿ. ಆಸರೆಯ ಕೋಲನ್ನೂ ಅದೇ ದಿನ ಚುಚ್ಚಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಮೂರು ದಿನ ಮಧ್ಯಾಹ್ನದ ನೆರಳು. ಮೂರು ವಾರ ಯಾವ ಗೊಬ್ಬರವೂ ಬೇಡ. ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದೆರಡು ಹಿಡಿ ಎರೆಗೊಬ್ಬರ. ಜೀವಾಮೃತ ಮಾಡುವವರಿಗೆ 20 ಲೀಟರಿನ ಅಳತೆ: ಸಗಣಿ ಒಂದು ಕಿಲೋ, ಗಂಜಲ ಒಂದು ಲೀಟರ್, ಬೆಲ್ಲ 200 ಗ್ರಾಂ, ಹುರುಳಿ ಅಥವಾ ಕಡಲೆ ಹಿಟ್ಟು 200 ಗ್ರಾಂ, ಒಂದು ಹಿಡಿ ಮಣ್ಣು. ನೆರಳಿನಲ್ಲಿ ಎರಡು ದಿನ, ದಿನಕ್ಕೆರಡು ಸಲ ಕಲಕಿ, ವಾರದೊಳಗೆ ಬಳಸಿ. ಕುಂಡಕ್ಕೆ ಹಾಕುವಾಗ ಹತ್ತು ಪಾಲು ನೀರು ಬೆರೆಸಿ.

ಮೊದಲೇ ಇರುವ ಗಿಡಗಳು

ದುಂಡು ಮಲ್ಲಿಗೆ ಮಾರ್ಚ್‌ನಿಂದ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಜನವರಿ ಮುಗಿಯುವುದರೊಳಗೆ ಒಂದೂವರೆ ಅಡಿಗೆ ಕತ್ತರಿಸಿ, ಉಳಿದ ಎಲೆ ಕಿತ್ತು, ಬುಡ ಕೆದಕಿ, ಗೊಬ್ಬರ ಕೊಟ್ಟು ನೀರು ಹಾಯಿಸಿ. ಕತ್ತರಿಸುವ ಒಂದು ವಾರ ಮೊದಲು ನೀರು ತಗ್ಗಿಸಿದ್ದರೆ ಚಿಗುರು ಒಟ್ಟಿಗೇ ಒಡೆಯುತ್ತದೆ. ಮಾರ್ಚ್‌ನಲ್ಲಿ ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ. ದಾಸವಾಳವನ್ನು ಫೆಬ್ರವರಿಯಲ್ಲಿ ಮೂರನೇ ಒಂದು ಭಾಗ ಸವರಿ. ಕರಿಬೇವಿನ ತುದಿ ಚಿವುಟಿ, ಹೂಗೊಂಚಲು ಬಂದರೆ ಕಿತ್ತುಹಾಕಿ, ಪಕ್ಕದ ರೆಂಬೆ ಬರುತ್ತವೆ. ಗುಲಾಬಿಗೆ ದೊಡ್ಡ ಕತ್ತರಿಯ ಕಾಲ ಅಕ್ಟೋಬರ್. ಈಗ ಬಾಡಿದ ಹೂ, ಒಣಕಡ್ಡಿ ಮಾತ್ರ ತೆಗೆಯಿರಿ.

ಹುಳ, ಮುಚ್ಚಿಗೆ, ನೆರಳು

ಒಣ ಹವೆ ರಸ ಹೀರುವ ಕೀಟಗಳಿಗೆ ಸುಗ್ಗಿ. ವಾರಕ್ಕೆರಡು ಸಲ ಎಲೆಯ ಹಿಂಬದಿ ನೋಡುವುದೇ ಅರ್ಧ ಔಷಧಿ. ಮೆಣಸಿನ ಎಲೆ ಅಂಚು ಮೇಲಕ್ಕೆ ಮುದುರಿ ದೋಣಿಯಾದರೆ ಥ್ರಿಪ್ಸ್, ಕೆಳಕ್ಕೆ ಬಾಗಿ ತೊಟ್ಟು ಉದ್ದವಾದರೆ ನುಸಿ. ದಾಸವಾಳದ ತುದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಮೊದಲು ಬರೀ ನೀರನ್ನು ರಭಸವಾಗಿ ಹಾಯಿಸಿ. ಇರುವೆ ಓಡಾಡುತ್ತಿದ್ದರೆ ಅದನ್ನೂ ತಡೆಯಬೇಕು. ತಿಗಣೆಯ ಸಿಹಿ ಸ್ರಾವಕ್ಕಾಗಿ ಇರುವೆಯೇ ಅದನ್ನು ಕಾಯುತ್ತದೆ. ಆಮೇಲೆ ಬೇವಿನೆಣ್ಣೆ: ಐದು ಮಿಲಿ ಎಣ್ಣೆಗೆ ಒಂದೆರಡು ಮಿಲಿ ದ್ರವ ಸಾಬೂನು ಹಾಕಿ ಹಾಲಿನಂತಾಗುವವರೆಗೆ ಕಲಸಿ, ನಂತರ ಒಂದು ಲೀಟರ್ ನೀರು. ನೀರಿಗೆ ನೇರವಾಗಿ ಎಣ್ಣೆ ಸುರಿದರೆ ಅದು ತೇಲುತ್ತದೆ, ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಸಂಜೆಯೇ ಸಿಂಪಡಿಸಿ, ಮಾಡಿದ್ದನ್ನು ಆ ದಿನವೇ ಮುಗಿಸಿ, ವಾರ ಬಿಟ್ಟು ಮತ್ತೊಮ್ಮೆ. ಬೆಂಡೆಯ ಎಲೆಯ ನರಗಳು ಹಳದಿಯಾಗಿ ಬಲೆ ಹೆಣೆದಂತಾದರೆ ಅದು ನಂಜುರೋಗ, ಬಿಳಿ ನೊಣ ಹರಡುತ್ತದೆ, ಮದ್ದಿಲ್ಲ. ಆ ಗಿಡವನ್ನು ಅವತ್ತೇ ಕಿತ್ತುಬಿಡಿ, ಉಳಿದ ಏಳು ಗಿಡ ಉಳಿಯುತ್ತವೆ.

ಮುಚ್ಚಿಗೆಗೆ ಬೇಕಾದ ಒಣ ಎಲೆ ಈ ಎರಡು ತಿಂಗಳು ಬೀದಿಯಲ್ಲೇ ಸಿಗುತ್ತದೆ. ಹೊಂಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುತ್ತದೆ. ಆ ಎಲೆಗಳನ್ನು ಚೀಲಗಳಲ್ಲಿ ತುಂಬಿಟ್ಟುಕೊಳ್ಳಿ, ದಯವಿಟ್ಟು ಸುಡಲು ಬಿಡಬೇಡಿ. ಮಣ್ಣಿನ ಮೇಲೆ ಎರಡು ಇಂಚು ಹರಡಿ, ಕಾಂಡದ ಸುತ್ತ ಒಂದು ಇಂಚು ಖಾಲಿ ಬಿಡಿ. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ. ನೀರು ಬೆಳಿಗ್ಗೆ ಎಂಟರೊಳಗೆ. ಹಾಕುವ ಮೊದಲು ಎರಡನೇ ಗೆಣ್ಣಿನವರೆಗೆ ಬೆರಳು ತೂರಿಸಿ ನೋಡಿ. ಕೊಕೊಪೀಟ್ ಇರುವ ಮಣ್ಣು ಮೇಲೆ ಒಣಗಿ ಕಂಡರೂ ಒಳಗೆ ಒದ್ದೆಯಿರುತ್ತದೆ, ಮೇಲ್ಮೈ ನೋಡಿ ನೀರು ಸುರಿದೇ ಎಷ್ಟೋ ಗಿಡಗಳ ಬೇರು ಕೊಳೆಯುತ್ತದೆ. ಮಧ್ಯಾಹ್ನ ಎಲೆ ಜೋತಿದ್ದು ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿನ ಬಾಡು, ನೀರಿನ ಕೊರತೆಯಲ್ಲ. ಬೆಳಿಗ್ಗೆಯೂ ಜೋತಿದ್ದರೆ ನೋಡಬೇಕು.

ನೆರಳು ಪರದೆ ಮಾರ್ಚ್ ಎರಡನೇ ವಾರದಿಂದ ಸಾಕು. ಶೇ. 50ರದ್ದು ತನ್ನಿ, 75ರದ್ದು ಹಾಕಿದರೆ ಬೆಂಡೆ, ಬಳ್ಳಿಗಳಿಗೆ ಹೂ ಬರುವುದಿಲ್ಲ. ಏಳೆಂಟು ಅಡಿ ಎತ್ತರಕ್ಕೆ, ಪಶ್ಚಿಮದ ಕಡೆ ಇಳಿಬಿಟ್ಟು ಕಟ್ಟಿ. ಏಪ್ರಿಲ್‌ನ ಗುಡುಗುಮಳೆಯ ಮೊದಲು ಬೀಸುವ ಗಾಳಿ ಪರದೆಯನ್ನು ಕಂಬ ಸಮೇತ ಕೀಳಬಲ್ಲದು. ನಾಲ್ಕು ಮೂಲೆಗೂ ಬಿಚ್ಚಲು ಸುಲಭವಾದ ಗಂಟು ಹಾಕಿ, ಮೋಡ ಕಟ್ಟಿದಾಗ ಒಂದು ಬದಿ ಬಿಚ್ಚಿಬಿಡಿ.

ಕೇಳುಗರ ಪ್ರಶ್ನೆಗಳು

*ಹೀರೆಬಳ್ಳಿ ತುಂಬಾ ಹೂ, ಒಂದೂ ಕಾಯಿ ಇಲ್ಲ. ಯಾಕೆ?*

ಬಳ್ಳಿಯಲ್ಲಿ ಮೊದಲು ಬರುವುದು ಗಂಡುಹೂ. ಹತ್ತು ಹದಿನೈದು ದಿನ ತಡೆಯಿರಿ. ಹೆಣ್ಣುಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗಸ್ಪರ್ಶ ಆಗಿಲ್ಲ, ಮೂರು ನಾಲ್ಕನೇ ಮಹಡಿಗೆ ಜೇನು ಬರುವುದು ಕಡಿಮೆ. ಗಂಡುಹೂ ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವಿಗೆ ಮೆತ್ತಗೆ ಸವರಿ. ಹೊತ್ತು ಮುಖ್ಯ: ಹೀರೆ, ಸೋರೆ, ಪಡವಲ ಅರಳುವುದು ಸಂಜೆ, ಹಾಗಲ, ಸೌತೆ, ತುಪ್ಪದ ಹೀರೆ ಬೆಳಿಗ್ಗೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಹೀರೆಗೆ ಸವರಿದರೆ ಪ್ರಯೋಜನವಿಲ್ಲ. ಕಾಯಿ ಕಟ್ಟಿದ ಮೇಲೆ ಸೊಟ್ಟಗಾಗಿ ಒಳಗೆ ಹುಳವಾದರೆ ಹಣ್ಣುನೊಣ. ಗಂಡುನೊಣವನ್ನು ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆಯೊಂದನ್ನು ನೇತುಹಾಕಿ, ಹುಳಬಿದ್ದ ಕಾಯಿಯನ್ನು ಕಾಂಪೋಸ್ಟಿಗೆ ಹಾಕದೆ ನೀರಲ್ಲಿ ಮುಳುಗಿಸಿಡಿ. ಮಾವಿಗೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಗೆ ಈ ನೊಣ ಬೀಳುವುದಿಲ್ಲ.

*ಟೊಮೇಟೊ ಯಾಕೆ ಶಿಫಾರಸು ಮಾಡಲಿಲ್ಲ?*

ಹಗಲು 35ರ ಹತ್ತಿರ, ರಾತ್ರಿಯೂ 22ರ ಮೇಲೆ ಇದ್ದರೆ ಪರಾಗ ಸರಿಯಾಗಿ ಕೂರದೆ ಹೂ ಉದುರುತ್ತದೆ. ಎಲೆ ಮುಟುರು ಹರಡುವ ಬಿಳಿ ನೊಣವೂ ಆಗಲೇ ಹೆಚ್ಚು. ಜನವರಿಯಲ್ಲಿ ಸಸಿ ನೆಟ್ಟಿದ್ದರೆ ಏಪ್ರಿಲ್ ಮೊದಲ ವಾರದೊಳಗೆ ಒಂದಷ್ಟು ಹಣ್ಣು ಸಿಗುತ್ತದೆ. ಇನ್ನೂ ನೆಟ್ಟಿಲ್ಲವಾದರೆ ಎರಡೇ ಗಿಡ ಹಾಕಿ ನೋಡಿ, ಹೆಚ್ಚು ಬೇಡ.

*ಏಪ್ರಿಲ್ ರಜೆಗೆ ಒಂದು ವಾರ ಊರಿಗೆ ಹೋಗಬೇಕು. ನೀರು?*

ಪಕ್ಕದ ಮನೆಯವರಿಗೆ ಒಪ್ಪಿಸುವುದೇ ಉತ್ತಮ. ಆಗದಿದ್ದರೆ ಎಲ್ಲ ಕುಂಡವನ್ನೂ ಗೋಡೆಯ ಪೂರ್ವಕ್ಕೆ, ಕೆಳಗೆ ತೊಲೆಯಿರುವ ಕಡೆ ಒಟ್ಟುಗೂಡಿಸಿ, ಒಂದಕ್ಕೊಂದು ನೆರಳಾಗುವಂತೆ. ವಾರದ ಮಟ್ಟಿಗೆ ಕುಂಡಗಳು ಹತ್ತಿರ ಇರಬಹುದು, ಗುಂಪು ದೊಡ್ಡದಾದರೆ ಎರಡು ಮೂರಾಗಿ ಒಡೆಯಿರಿ. ಮುಚ್ಚಿಗೆ ನಾಲ್ಕು ಇಂಚಿಗೆ ಏರಿಸಿ, ಬಲಿತ ಕಾಯಿ, ಹೂ ಕಿತ್ತುಬಿಡಿ. ಮುಚ್ಚಳವಿರುವ ಬಕೆಟ್ಟನ್ನು ಕುಂಡಕ್ಕಿಂತ ಎತ್ತರದಲ್ಲಿಟ್ಟು, ದಪ್ಪ ಹತ್ತಿ ಹಗ್ಗದ ಒಂದು ತುದಿ ತಳದ ನೀರಿಗೆ, ಇನ್ನೊಂದು ತುದಿ ಮಣ್ಣಿನೊಳಗೆ ಮೂರು ಇಂಚು ಹೂತಿಡಿ. ಹೊರಡುವ ನಾಲ್ಕು ದಿನ ಮೊದಲೇ ಇಟ್ಟು ನೋಡಬೇಕು, ನೈಲಾನ್ ಹಗ್ಗವಾದರೆ ನೀರು ಏರುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಿ ಹೋಗಬೇಡಿ, ವಾರದಲ್ಲಿ ಡೆಂಗಿ ಸೊಳ್ಳೆಯ ಮರಿಯಾಗುತ್ತದೆ. ವಾಪಸು ಬಂದ ಮೇಲೆ ಎರಡು ದಿನ ಬರೀ ನೀರು ಕೊಡಿ. ಗಿಡ ಚೇತರಿಸಿಕೊಂಡ ಮೇಲೆ ಗೊಬ್ಬರ.